ಅಮ್ಮನ ನಾಟಕದಲ್ಲಿ ಯಾರೂ ಸಾಯುತ್ತಿರಲಿಲ್ಲ

ಒಬ್ಬ ಗಡಿಯಾರ ರಿಪೇರಿಯವರು, ಅವರಿಗೊಬ್ಬಳು ನಾಟಕದ ಹುಚ್ಚಿನ ಹೆಂಡತಿ. ಬೇರೆ ಯಾರೂ ಅಲ್ಲ, ನನ್ನ ಅಪ್ಪ, ಅಮ್ಮ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಸಂಜೆಯಾದರೆ ಅಪ್ಪನಿಗೆ ಗಿರಾಕಿಗಳ ಕಾಟ, ಅಮ್ಮನಿಗೆ ನಾಟಕದ ಸೆಳೆತ. ಜೊತೆಗೆ ಹೋಗುವ ಮಾತೇ ಇಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ಅಮ್ಮ ತರಕಾರಿ ಬುಟ್ಟಿ ತಂದು ಅಂಗಡಿಯಲ್ಲೇ ಕೂರುತ್ತಿದ್ದಳು. ಅಪ್ಪ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ಬಗೆಯುತ್ತಿದ್ದರೆ, ಅಮ್ಮ ನೋಡಿ ಬಂದ ನಾಟಕವನ್ನು ಪೂರ್ತಿ ಆಡಿ ತೋರಿಸುವಳು. ರಾಜನಿಗೊಂದು ದನಿ, ಕಳ್ಳನಿಗೊಂದು ದನಿ. ಮೂಲಂಗಿಯೇ ಕತ್ತಿ. ಕೆಲಸ ಮುಗಿದರೂ ಗಿರಾಕಿಗಳು ಏಳುತ್ತಿರಲಿಲ್ಲ.

ಮೊದಮೊದಲು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದಳಂತೆ. ಮದುವೆಯಾದ ಹೊಸತರಲ್ಲಿ ಒಂದು ನಾಟಕದ ದೋಣಿಯವನು ಮುಳುಗಿ ಸತ್ತ. ಅದನ್ನು ಕೇಳಿ ಅಪ್ಪನ ಚಿಮಟ ಜಾರಿ, ಕೂದಲೆಳೆಯಂಥ ಸ್ಪ್ರಿಂಗ್ ಎಲ್ಲಿಗೋ ಹಾರಿತು. ಮೂರು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಆಗಲೇ ಅಮ್ಮ ತೀರ್ಮಾನಿಸಿದಳು: ಸಾಯುವವರು ಅಲ್ಲೇ ಸಾಯಲಿ, ನನ್ನ ಅಂಗಡಿಯಲ್ಲಿ ಬೇಡ. ಅಲ್ಲಿಂದ ನಲವತ್ತು ವರ್ಷ ವಿಷ ಕುಡಿದವರು ವಾಂತಿ ಮಾಡಿಕೊಂಡು ಎದ್ದರು, ಕತ್ತಿಯೇಟು ತಿಂದವರಿಗೆ ಹೊಲಿಗೆ ಬಿತ್ತು. ಜೊತೆಗೆ ಹೋಗಿ ನಿಜ ನೋಡಿ ಬಂದ ಅಕ್ಕನಿಗೂ ನನಗೂ ಕಣ್ಸನ್ನೆ: ಬಾಯಿ ಬಿಟ್ಟರೆ ಮುಂದಿನ ನಾಟಕ ಇಲ್ಲ.

ಎಪ್ಪತ್ತಕ್ಕೆ ಅಪ್ಪ ಅಂಗಡಿ ಮುಚ್ಚಿದರು.

"ಇವಳೇ, ಆ ಮುದಿ ಸೇನಾಪತಿಯ ನಾಟಕ ಮತ್ತೆ ಬಂದಿದೆಯಂತೆ. ನಿನ್ನ ಬಾಯಲ್ಲಿ ಆರು ಸಲ ಕೇಳಿದೀನಿ. ಒಂದ್ಸಲ ಕಣ್ಣಾರೆ ನೋಡೋಣ ನಡಿ."

ಅಮ್ಮನ ಮುಖ ಬಿಳಿಚಿಕೊಂಡಿತು. ಸುಳ್ಳಿ ಅನ್ನಿಸಿಕೊಂಡರೆ ಪರವಾಗಿಲ್ಲ, ಇನ್ನು ಮೇಲೆ ತನ್ನ ಕಥೆಗೆ ಇವರು ಕಿವಿಯನ್ನೇ ಕೊಡದಿದ್ದರೆ?

"ಅಲ್ಲಿ ಕುರ್ಚಿ ಸರಿಯಿಲ್ಲ ರೀ. ನಿಮ್ಮ ಸೊಂಟ ಹಿಡ್ಕೊಳ್ಳುತ್ತೆ."

"ನಲವತ್ತು ವರ್ಷ ಸ್ಟೂಲ್ ಮೇಲೆ ಕೂತಿರೋ ಸೊಂಟ. ಅದಕ್ಕೆ ಇನ್ನೇನಾಗ್ಬೇಕು?"

ಹೋದೆವು. ಕೊನೆಯ ಅಂಕದಲ್ಲಿ ಸೇನಾಪತಿ ಎದೆ ಹಿಡಿದುಕೊಂಡು ಬಿದ್ದ. ಅಪ್ಪ ಎದ್ದು ನಿಂತು ಕೈ ಎತ್ತಿದರು. "ಸ್ವಾಮಿ, ಎಲ್ಲೋ ತಪ್ಪಾಯ್ತು ನೋಡಿ. ಮಗಳು ನೀರು ತರ್ತಾಳೆ, ಅವನು ಏಳ್ತಾನೆ." ಸಭೆ ಬಿದ್ದು ಬಿದ್ದು ನಕ್ಕಿತು. ಸತ್ತ ಸೇನಾಪತಿಯ ಹೊಟ್ಟೆಯೂ ಕುಲುಕಿತು.

ದಾರಿಯಲ್ಲಿ ಅಮ್ಮ ತಲೆ ತಗ್ಗಿಸಿಕೊಂಡು ಎಲ್ಲ ಒಪ್ಪಿಕೊಂಡಳು. ಅಪ್ಪ ನಡೆಯುವುದು ಬಿಟ್ಟು ಅವಳತ್ತ ತಿರುಗಿದರು.

"ಹಾಗಾದ್ರೆ ಅವರನ್ನೆಲ್ಲ ಬದುಕಿಸಿದ್ದು ನೀನೇನಾ?"

"ಹೂಂ ರೀ."

"ಇನ್ಮೇಲೆ ನಾನು ಬರಲ್ಲ. ನೀನೇ ನೋಡ್ಕೊಂಡು ಬಂದು ಹೇಳು. ಇವರಿಗೆ ನಾಟಕ ಮುಗಿಸೋಕೇ ಬರಲ್ಲ."

ಆಮೇಲೂ ಇಪ್ಪತ್ತು ವರ್ಷ ಅಮ್ಮ ಹೇಳಿದಳು, ಅಪ್ಪ ಕೇಳಿದರು. ಹೋದ ವರ್ಷ, ತನ್ನ ಎಂಬತ್ತಾರಕ್ಕೆ, ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಹಿಂದಿನ ಸಂಜೆ ನೋಡಿದ ನಾಟಕವನ್ನು ಅಪ್ಪನಿಗೆ ಅರ್ಧ ಹೇಳಿದ್ದಳಷ್ಟೆ. ಅಪ್ಪನಿಗೆ ಅದೇ ಕೊರಗು. "ಉಳಿದದ್ದು ಸಂಜೆಗೆ ಅಂದಿದ್ಲು" ಅಂತ ಬಂದವರಿಗೆಲ್ಲ ಹೇಳುವರು.

ಅಕ್ಕ ಶಾಲೆಯ ಟೀಚರಾಗಿದ್ದವಳು, ಸುಳ್ಳು ಅಂದರೆ ಅವಳಿಗಾಗದು. ಹೋಗಿ ಆ ನಾಟಕ ನೋಡಿ ಬಂದು, ಅಪ್ಪನೆದುರು ಕೂತಳು. ಕೊನೆಯ ಅಂಕ ಬಂತು. "ಅಪ್ಪಾ, ಆ ರಾಣಿ ಕೊನೆಗೆ..." ಅಂದು ಮಾತು ನಿಲ್ಲಿಸಿದಳು. ನಾನು ಅವಳ ಕೈಗೆ ಮೂಲಂಗಿ ಕೊಟ್ಟೆ. ಅವಳು ಅದನ್ನೇ ನೋಡಿದಳು, ಅಪ್ಪನ ಮುಖ ನೋಡಿದಳು.

"...ಕಣ್ಣು ಬಿಟ್ಟಳು," ಅಂದಳು.

"ಅವಸರದವಳು ನೀನು," ಅಂದರು ಅಪ್ಪ. "ನೀರು ಯಾರು ತಂದ್ರು, ಅದನ್ನೇ ಬಿಟ್ಟೆಯಲ್ಲ."