ಗುನ್ವೋರಳ ಸಮುದ್ರ ಎಂಟು ದಾಟಿದ್ದು

ಸ್ವೆನ್‌ಬೋರ್ಗಿನ ಬಂದರಿನಿಂದ ಥೂರೋ ದ್ವೀಪಕ್ಕೆ ಹೋಗುವ ಬಸ್ಸನ್ನು ಗುನ್ವೋರ್ ಮೂವತ್ತೊಂದು ವರ್ಷಗಳಿಂದ ಓಡಿಸುತ್ತಿದ್ದಳು. ಅಷ್ಟೂ ವರ್ಷ ಬಸ್ಸು ಹತ್ತಿದವರು ಅವಳೊಂದಿಗೆ ಆಡಿದ್ದು ಗಾಳಿ ಮಳೆಯ ಮಾತು. ಆ ಡಿಸೆಂಬರಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ.

"ಇವತ್ತು ಎಷ್ಟು, ಗುನ್ವೋರ್?"

"ಏಳು ಮುಕ್ಕಾಲು."

"ನಿನ್ನೆನೂ ಅಷ್ಟೇ ಇತ್ತಲ್ಲೇ!"

"ಇತ್ತು. ಬಾಗಿಲಲ್ಲಿ ನಿಂತು ಶೋಕ ಆಚರಿಸ್ಬೇಡ, ಒಳಗೆ ಹೋಗು."

ಏಳು ಮುಕ್ಕಾಲು ಅವಳ ಸಮುದ್ರದ ಪಿಎಚ್. ಆರು ವಾರದ ಹಿಂದೆ ಅವಳು ತನ್ನ ನಡುಮನೆಯಲ್ಲಿ ನಾನೂರು ಲೀಟರಿನ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ನೀಲಿ ದೀಪ ತೂಗುಹಾಕಿದ್ದಳು. ಈಗ ಅದರಲ್ಲಿ ಎರಡು ಮೀನು, ಹತ್ತು ಬಸವನಹುಳು ಇದ್ದವು. ಹವಳ ಇನ್ನೂ ಬಂದಿರಲಿಲ್ಲ. ನೀರು ಎಂಟರ ಮೇಲೆ ನಿಲ್ಲದೆ ಹುಳಿಯ ಕಡೆಗೆ ವಾಲುತ್ತಿದ್ದರೆ ಹವಳ ತನ್ನ ಸುಣ್ಣದ ಮೈ ಕಟ್ಟಿಕೊಳ್ಳಲು ತಿಣುಕುತ್ತದೆ.

ಅವಳ ಸೋದರಮಾವ ಹಡಗಿನಲ್ಲಿ ದುಡಿದವನು. ಅವನ ಮನೆಯ ಅಟ್ಟಣಿಗೆಯಲ್ಲಿ ಒಂದು ಬಿಳಿ ಹವಳವಿತ್ತು. ಒಂಬತ್ತು ವರ್ಷದ ಗುನ್ವೋರ್ ಅದನ್ನು ಯಾವುದೋ ಪ್ರಾಣಿಯ ಎಲುಬೆಂದು ತಿಳಿದು ಮುಟ್ಟಲು ಹೆದರಿದ್ದಳು. ಬದುಕಿದ್ದಾಗ ಅದಕ್ಕೆ ಬಣ್ಣವಿತ್ತು, ಬಾಯಿತ್ತು, ಸಾವಿರ ಬೆರಳಿದ್ದವು ಎಂದು ತಿಳಿಯುವ ಹೊತ್ತಿಗೆ ಅವಳಿಗೆ ಐವತ್ತೆಂಟು. ತಿಳಿಸಿದವನು ಊರಿನ ಮೀನುಸಾಕುವವರ ಸಂಘದ ವಿಲ್ಲಾಡ್ಸ್. ಅವನ ತೊಟ್ಟಿಯಲ್ಲಿ ಇಪ್ಪತ್ತಾರು ವರ್ಷದ ಹಸಿರು ಹವಳವೊಂದು ಜಿಂಕೆಯ ಕೊಂಬಿನಂತೆ ಕವಲೊಡೆದು ನಿಂತಿತ್ತು. ಗುನ್ವೋರ್ ಅದರ ಮುಂದೆ ಮೊಣಕಾಲೂರಿ ಕೂತವಳು ಕಾಫಿ ಆರಿ ತಣ್ಣಗಾದರೂ ಏಳಲಿಲ್ಲ.

ಈಗ ವಿಲ್ಲಾಡ್ಸನಿಗೆ ಎಪ್ಪತ್ತೊಂಬತ್ತು. ಬಕೆಟ್ ಎತ್ತಲು ಭುಜ ಒಪ್ಪುತ್ತಿರಲಿಲ್ಲ. ಶನಿವಾರ ತೊಟ್ಟಿ ಖಾಲಿ ಮಾಡುವವನಿದ್ದ.

"ಶನಿವಾರ ನಾಲ್ಕು ಗಂಟೆಗೆ ನಿನ್ನ ಮೀಟರು ಎಂಟರ ಮೇಲಿದ್ರೆ ಹವಳ ನಿನ್ನದು," ಎಂದು ಅವನು ಖಂಡಿತವಾಗಿ ಹೇಳಿದ್ದ. "ಇಲ್ಲಾಂದ್ರೆ ಓಡೆನ್ಸೆ ಪಟ್ಟಣದವನೊಬ್ಬ ಬಂದು ತಗೊಂಡು ಹೋಗ್ತಾನೆ. ಬೇಜಾರು ಮಾಡ್ಕೋಬೇಡ. ಹಿಂದೊಮ್ಮೆ ಅವಸರದವರ ಕೈಗೆ ಒಂದು ಕೊಂಬೆ ಕೊಟ್ಟೆ. ವಾರದಲ್ಲಿ ಸುಣ್ಣದ ಹಾಗೆ ಬೆಳ್ಳಗಾಯ್ತು."

ಪಿಎಚ್ ಏರಲೆಂದು ಗುನ್ವೋರ್ ಅಡುಗೆ ಸೋಡಾವನ್ನು ಒಲೆಯಲ್ಲಿ ಹುರಿದು, ಕರಗಿಸಿ, ಹನಿಹನಿಯಾಗಿ ತೊಟ್ಟಿಗೆ ಬಿಟ್ಟಳು. ಗಂಡ ಎಸ್ಕಿಲ್ಡ್ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಕೇಕು ನಮಗಾ, ಮೀನಿಗಾ?"

"ಮೀನಿಗೆ. ನಿನಗೆ ಹೆರಿಂಗ್ ಮೀನು ರೊಟ್ಟಿ ಇದೆ, ತಿನ್ನು."

ಮೀಟರು ಒಂದು ಗಂಟೆ ಹೊತ್ತು ಮೇಲೇರಿ ಮತ್ತೆ ಏಳು ಮುಕ್ಕಾಲಿಗೆ ಜಾರಿತು. ಗುರುವಾರ ಅವಳಿಗೆ ರಜೆ. ಬೆಳಗಾಗುತ್ತಲೇ ವಿಲ್ಲಾಡ್ಸನಿಗೆ ಫೋನು ಮಾಡಿದಳು.

"ನೀರಿನ ಕ್ಷಾರ ಅಳೆದ್ಯಾ?"

"ಹನ್ನೊಂದು."

"ಬೇಕಾದ್ದಕ್ಕಿಂತ ಜಾಸ್ತೀನೇ ಇದೆ. ಉಪ್ಪಾದ ಸಾರಿಗೆ ಮತ್ತೆ ಉಪ್ಪು ಸುರೀತಿದ್ದೀಯಲ್ಲೇ, ಸಾಕು ನಿಲ್ಸು. ನಿನ್ನ ನೀರಲ್ಲಿ ತಪ್ಪಿಲ್ಲ ಅನ್ಸುತ್ತೆ, ಗಾಳೀಲಿ ಇದೆ. ಒಂದು ಜಗ್ ನೀರು ತೆಗೆದು ಮನೆ ಹೊರಗಿಡು, ಒಂದು ಒಳಗಿಡು. ಎರಡಕ್ಕೂ ಒಂದು ಗಂಟೆ ಗಾಳಿ ಪಂಪು ಹಾಕಿ, ಆಮೇಲೆ ಅಳೆ."

ಹೊರಗೆ ಮೆಟ್ಟಿಲ ಮೇಲೆ ಮಂಜು ಹೆಪ್ಪುಗಟ್ಟಿತ್ತು. ನೀರು ತೀರ ತಣ್ಣಗಾಗದಿರಲಿ ಎಂದು ಗುನ್ವೋರ್ ಎಸ್ಕಿಲ್ಡನ ಉಣ್ಣೆ ಟೋಪಿಯನ್ನು ಜಗ್ಗಿಗೆ ತೊಡಿಸಿ, ತಾನು ಕೋಟು ತೊಟ್ಟು ಪಕ್ಕದಲ್ಲಿ ಕೂತಳು. ಪಂಪು ಗೊರಗೊರ ಎನ್ನುತ್ತಿತ್ತು. ಗಂಟೆ ತುಂಬಿದಾಗ ಮೀಟರಿನ ಕಡ್ಡಿ ಅದ್ದಿದಳು. ಅಂಕಿ ನಡುಗಿ, ಏರಿ, ಮತ್ತೂ ಏರಿ ನಿಂತಿತು. ಎಂಟು ಪಾಯಿಂಟ್ ಎರಡು! ಒಳಗೋಡಿ ಇನ್ನೊಂದು ಜಗ್ ನೋಡಿದಳು. ಅದೇ ನೀರು, ಅದೇ ಪಂಪು. ಏಳು ಪಾಯಿಂಟ್ ಎಂಟನ್ನೂ ಮುಟ್ಟಿರಲಿಲ್ಲ.

"ಎಸ್ಕಿಲ್ಡ್! ನೀರು ಚೆನ್ನಾಗಿದೆ ಕಣೋ! ಕೆಟ್ಟಿರೋದು ನಮ್ಮನೆ ಗಾಳಿ!"

"ನಾನು ಈ ವಾರ ಹುರುಳಿಕಾಯಿ ತಿಂದೇ ಇಲ್ಲ."

"ಅದಲ್ವೋ ಕೋತಿ! ನಾವು ಬಿಡೋ ಉಸಿರು. ಸೋಡಾ ಬಾಟಲಿಯಲ್ಲಿ ಗುಳುಗುಳು ಅನ್ನುತ್ತಲ್ಲ, ಅದೇ ಅನಿಲ. ಮನೇಲಿ ತುಂಬ್ಕೊಂಡು ನೀರಿಗಿಳೀತಿದೆ, ನೀರು ಹುಳಿಯಾಗ್ತಿದೆ."

ಆ ಶರತ್ಕಾಲದಲ್ಲಷ್ಟೇ ಮೂರು ಪದರ ಗಾಜಿನ ಹೊಸ ಕಿಟಕಿ ಹಾಕಿಸಿದ್ದರು. ಮನೆ ಬಿರಡೆ ಹಾಕಿದ ಸೀಸೆಯಂತಾಗಿತ್ತು. ಆದರೂ ಇಬ್ಬರ ಉಸಿರು ಇಷ್ಟು ಮಾಡಬಲ್ಲುದೇ? ಅವಳು ಅಳತೆಯ ಪುಸ್ತಕ ಬಿಡಿಸಿದಳು. ತೊಟ್ಟಿಯ ದೀಪ ಬೆಳಗುವ ಹಗಲಿನಲ್ಲಿ ಕಲ್ಲಿನ ಪಾಚಿ ಆ ಅನಿಲವನ್ನು ಹೀರುವುದರಿಂದ ಪಿಎಚ್ ಏರುತ್ತಲೇ ಹೋಗಬೇಕು. ಅವಳದು ಮಧ್ಯಾಹ್ನದವರೆಗೆ ಏರಿ, ನಾಲ್ಕರ ನಂತರ ದಡದಡನೆ ಇಳಿಯುತ್ತಿತ್ತು. ಮಂಗಳವಾರಗಳಲ್ಲಿ ಮಾತ್ರ ಅಷ್ಟು ಇಳಿಯುತ್ತಿರಲಿಲ್ಲ. ಮಂಗಳವಾರ ನಾಲ್ಕಕ್ಕೆ ಏನು? ಎಸ್ಕಿಲ್ಡ್ ಚರ್ಚಿನ ಹಾಡಿನ ಗುಂಪಿಗೆ ಹೋಗುತ್ತಾನೆ. ಅವನೊಬ್ಬನ ಉಸಿರಿಗೆ ಇಷ್ಟು ಬಲವೇ?

ಯೋಚಿಸುತ್ತ ಹಗಲೆಲ್ಲ ಕಳೆದು ನಾಲ್ಕಾಯಿತು. ಹೊರಗೆ ಕತ್ತಲು ಬಿದ್ದಿತು. ಎಸ್ಕಿಲ್ಡ್ ಬೆಂಕಿಪೆಟ್ಟಿಗೆ ಹಿಡಿದು ಬಂದು, ಎಂದಿನಂತೆ ಮೇಣದ ಬತ್ತಿಗಳನ್ನು ಹಚ್ಚತೊಡಗಿದ. ಕಿಟಕಿಯ ಅಂಚಿನಲ್ಲಿ ಐದು, ಮೇಜಿನ ಮೇಲೆ ನಾಲ್ಕು, ತೊಟ್ಟಿಯ ಪಕ್ಕದ ಕಪಾಟಿನಲ್ಲಿ ಎರಡು. ಗುನ್ವೋರ್ ಒಂದೊಂದನ್ನೂ ಎಣಿಸಿದಳು. ಹನ್ನೊಂದು ಜ್ವಾಲೆ, ಹನ್ನೊಂದು ಬಾಯಿ. ಅವೂ ಉಸಿರಾಡುತ್ತವೆ.

ಕಂಡುಹಿಡಿದ ಖುಷಿಯಲ್ಲಿ ಅವನನ್ನು ಕೂಗಹೊರಟವಳು ತಡೆದುಕೊಂಡಳು. ಮೂವತ್ತೆಂಟು ವರ್ಷ ಬಯಲಲ್ಲಿ ಸೈಕಲ್ ತುಳಿದು ಅಂಚೆ ಹಂಚಿದವನು ಎಸ್ಕಿಲ್ಡ್. ನಿವೃತ್ತಿಯ ಮೊದಲ ಚಳಿಗಾಲದಲ್ಲಿ ಅವನು ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತುಬಿಟ್ಟಿದ್ದ. ಒಂದು ಸಂಜೆ ತಾನೇ ಎದ್ದು ಒಂದು ಬತ್ತಿ ಹಚ್ಚಿದ. ಮರುದಿನ ಎರಡು. ಆಮೇಲೆ ಮಾತು ಬಂತು, ಹಾಡು ಬಂತು. ಅಂಥವನಿಗೆ ಆರಿಸು ಎನ್ನುವುದು ಹೇಗೆ?

ಹೇಳದೆಯೇ ಅವಳು ಕಿಟಕಿ ತೆರೆದಳು. ಗಾಳಿ ನುಗ್ಗಿ ನಾಲ್ಕು ಬತ್ತಿ ನಂದಿದವು.

"ಏನೇ ಇದು?" ಎಸ್ಕಿಲ್ಡ್ ಅವಳ ಮುಖ ನೋಡಿದ, ತೊಟ್ಟಿ ನೋಡಿದ, ಬತ್ತಿಗಳನ್ನು ನೋಡಿದ. ಪೆದ್ದನಲ್ಲ ಅವನು. "ಓ. ನಿನ್ನ ಸಮುದ್ರಕ್ಕೆ ನನ್ನ ದೀಪ ಆಗ್ತಿಲ್ಲ."

"ಹಾಗಲ್ಲ..."

"ಶನಿವಾರದವರೆಗೆ ತಾನೇ?" ಎನ್ನುತ್ತ ಉಳಿದವನ್ನೂ ಒಂದೊಂದಾಗಿ ಊದಿ ಕುರ್ಚಿಯಲ್ಲಿ ಕೂತ. ತೊಟ್ಟಿಯ ನೀಲಿ ಬೆಳಕಿನಲ್ಲಿ ಅವನ ಮುಖ ಬೂದಿಯಂತೆ ಕಂಡಿತು.

"ಹಚ್ಚೋ," ಎಂದಳು ಗುನ್ವೋರ್. "ಹವಳ ಓಡೆನ್ಸೆಗೆ ಹೋಗ್ಲಿ. ನನಗೆ ಬೇಡ."

"ಸುಮ್ನಿರು. ಮೂರು ವರ್ಷದಿಂದ ಅದರ ಜಪ ಮಾಡ್ತಿದ್ದೀಯ."

ತೊಟ್ಟಿಯ ಕೆಳಗಿನಿಂದ ಸುಸ್ಸೆಂಬ ಸದ್ದೊಂದು ಕೇಳುತ್ತಿತ್ತು. ಎಸ್ಕಿಲ್ಡ್ ತಲೆ ವಾಲಿಸಿ ಕೇಳಿಸಿಕೊಂಡ.

"ಅದೇನದು, ಸದಾ ಸಿಳ್ಳೆ ಹೊಡೆಯೋದು?"

"ನೊರೆ ಯಂತ್ರ. ಗಾಳಿ ಎಳ್ಕೊಂಡು ನೀರಿನ ಜೊತೆ ಕಡೆಯುತ್ತೆ. ಕೊಳೆ ನೊರೆಯಾಗಿ ಮೇಲೆ ಬರುತ್ತೆ."

"ಗಾಳಿ ಎಲ್ಲಿಂದ ಎಳ್ಕೊಳ್ಳುತ್ತೆ?"

"ಎಲ್ಲಿಂದ ಅಂದ್ರೆ, ಇಲ್ಲಿಂದ್ಲೇ..." ಗುನ್ವೋರಳ ಬಾಯಿ ತೆರೆದೇ ಉಳಿಯಿತು. ಹಗಲಿರುಳು ಒಂದೇ ಸಮನೆ, ಈ ಕೋಣೆಯ ಗಾಳಿಯನ್ನು ತಾನೇ ಕೊಂಡ ಯಂತ್ರದಿಂದ ನೀರಿಗೆ ಕಡೆದು ಕುಡಿಸುತ್ತಿದ್ದಳು! "ಎಸ್ಕಿಲ್ಡ್! ಅದರ ಮೂಗಿಗೆ ಒಂದು ಪೈಪು ಸಿಕ್ಕಿಸಿ ಹೊರಗೆ ಬಿಟ್ರೆ? ಹೊರಗಿನ ಗಾಳೀನೇ ಕುಡೀಲಿ!"

"ಕಿಟಕಿ ಸಂದಿಯಿಂದ ಬಿಟ್ರೆ ಚಳಿ ಬರುತ್ತೆ." ಅವನಾಗಲೇ ಎದ್ದಿದ್ದ. "ಗೋಡೆ ಕೊರೀಬೇಕು."

"ಹೊಸ ಬಣ್ಣದ ಗೋಡೆ!"

"ಬಣ್ಣ ಹಚ್ಚಿದ್ದು ಯಾರು? ನಾನು. ನನ್ನ ಗೋಡೆ, ನಾನು ಕೊರೀತೀನಿ."

ಶುಕ್ರವಾರ ಬೆಳಿಗ್ಗೆ ಗುನ್ವೋರ್ ಬಸ್ಸಿನ ಪಾಳಿಯನ್ನು ಗೆಳತಿಗೆ ಒಪ್ಪಿಸಿ ಮನೆಯಲ್ಲೇ ಉಳಿದಳು. ಎಸ್ಕಿಲ್ಡ್ ಕಿಟಕಿಯ ಕೆಳಗೆ ಹೊರಮುಖವಾಗಿ ತುಸು ಇಳಿಜಾರು ಕೊಟ್ಟು ಇಟ್ಟಿಗೆ ಕೊರೆದ. ಕೆಂಪು ಪುಡಿ ಹುಬ್ಬಿನವರೆಗೆ ಹತ್ತಿತ್ತು. ಪೈಪು ತೂರಿಸಿ, ಹೊರತುದಿಗೆ ಸೊಳ್ಳೆ ನುಗ್ಗದಂತೆ ಹಳೆಯ ಕಾಲುಚೀಲದ ತುಂಡು ಕಟ್ಟಿದರು. ಒಳತುದಿಯನ್ನು ನೊರೆ ಯಂತ್ರಕ್ಕೆ ಸಿಕ್ಕಿಸಿದಾಗ ಅದರ ಸಿಳ್ಳೆ ಸ್ವರ ಬದಲಿಸಿತು. ಇಬ್ಬರೂ ಮೀಟರಿನ ಮುಂದೆ ಕುರ್ಚಿ ಎಳೆದುಕೊಂಡು, ತಟ್ಟೆಯ ತುಂಬ ಪಡ್ಡಿನಂಥ ಬಿಸಿ ಏಬ್ಲೆಸ್ಕೀವರ್ ಇಟ್ಟುಕೊಂಡು, ಪಂದ್ಯ ನೋಡುವವರಂತೆ ಕೂತರು.

"ಎಂಬತ್ತೆರಡು! ಏಳು ಎಂಬತ್ತೆರಡು!"

"ಬಾರೋ ಬಾರೋ, ಇನ್ನೊಂಚೂರು ಬಾ!"

"ತೊಂಬತ್ತು! ಎಸ್ಕಿಲ್ಡ್, ತೊಂಬತ್ತೂ ದಾಟ್ತು!"

ಶನಿವಾರ ಮೂರೂವರೆಗೆ ವಿಲ್ಲಾಡ್ಸ್ ಬಂದ. ಹವಳವಿದ್ದ ಬಕೆಟ್ಟು ಅವನ ಮಗಳ ಬೆಚ್ಚನೆಯ ಕಾರಿನಲ್ಲಿತ್ತು. ಒಳಗೆ ತರಲಿಲ್ಲ. ಟೋಪಿ ಕೂಡ ತೆಗೆಯದೆ ಮೀಟರು ನೋಡಿದ. ಎಂಟು ಪಾಯಿಂಟ್ ಒಂದು.

"ಹ್ಞೂಂ," ಎಂದ. "ನಾಲ್ಕಾಗ್ಲಿ."

ನಾಲ್ಕು ಹೊಡೆಯಿತು. ಎಸ್ಕಿಲ್ಡ್ ಬೆಂಕಿಪೆಟ್ಟಿಗೆ ತೆಗೆದ.

"ಇವತ್ತೊಂದಿನ ಬೇಡ್ವೋ," ಗುನ್ವೋರ್ ಪಿಸುಗುಟ್ಟಿದಳು.

"ಬೇಕು. ನಾಳೆನೂ ಹಚ್ಚೋದು ಇದೆ ತಾನೆ? ಆ ಹವಳಕ್ಕೆ ನಾವು ಬದುಕೋ ಮನೆ ಹೇಗಿದೆ ಅಂತ ಗೊತ್ತಾಗ್ಲಿ."

ಹನ್ನೊಂದೂ ಹೊತ್ತಿದವು. ವಿಲ್ಲಾಡ್ಸ್ ಕೂತ, ಕಾಫಿ ಕುಡಿದ. ಅರ್ಧ ಗಂಟೆ ಮೂವರೂ ಮೀಟರು ನೋಡುತ್ತ ಕೂತರು. ಅಂಕಿ ಎಂಟು ಪಾಯಿಂಟ್ ಸೊನ್ನೆ ಎಂಟಕ್ಕೆ ಜಾರಿತು. ಸೊನ್ನೆ ಆರಕ್ಕೆ. ಗುನ್ವೋರ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು. ಸೊನ್ನೆ ಐದು. ಅಲ್ಲೇ ನಿಂತಿತು. ಮತ್ತೆ ಕಾಲು ಗಂಟೆ ಕಳೆಯಿತು. ಸೊನ್ನೆ ಐದೇ.

ವಿಲ್ಲಾಡ್ಸ್ ಎದ್ದು ಟೋಪಿ ತೆಗೆದ. "ಎಸ್ಕಿಲ್ಡ್, ನನ್ನ ಭುಜ ಆಗಲ್ಲ. ಬಕೆಟ್ ತಗೊಂಡು ಬಾ. ಕುಲುಕಾಡಿಸಿದ್ರೆ ಜೋಕೆ!"

ಬಕೆಟ್ಟಿಗೆ ತೊಟ್ಟಿಯ ನೀರನ್ನು ಲೋಟಲೋಟವಾಗಿ ಬೆರೆಸುತ್ತ ಮುದುಕ ಅವರನ್ನು ಇನ್ನೊಂದು ಗಂಟೆ ಕಾಯಿಸಿದ. ಆಮೇಲೆ ಅಂಗಿಯ ತೋಳು ಮಡಚಿ, ಹವಳವನ್ನು ತಾನೇ ಎತ್ತಿ ನೀರಿಗಿಳಿಸಿದ. ಗುನ್ವೋರ್ ಎದುರಿನಿಂದ ಎರಡೂ ಕೈ ಇಳಿಸಿ ಅದರ ಬುಡ ಹಿಡಿದಳು. ಬುಡ ಕಲ್ಲಿನಂತೆ ಗಟ್ಟಿಯಾಗಿತ್ತು, ಮೇಲೆಲ್ಲ ಲೋಳೆಲೋಳೆ. ಬದುಕಿತ್ತು.

"ಎಡಕ್ಕೆ... ಬೆಳಕಿಗೆ ತೀರ ಹತ್ತಿರ ಬೇಡ. ಹಾಂ, ಆ ಕಲ್ಲಿನ ಮೇಲೆ."

"ಕೂತ್ಕೊಳ್ತು. ಬಿಡು ವಿಲ್ಲಾಡ್ಸ್."

"ಬಿಟ್ಟೆ."

ಬಿಟ್ಟಿರಲಿಲ್ಲ. ಮುದುಕನ ಬೆರಳುಗಳು ಹಸಿರು ಕೊಂಬೆಯನ್ನು ಇನ್ನೂ ತಬ್ಬಿದ್ದವು. ಗುನ್ವೋರ್ ಅವಸರ ಮಾಡಲಿಲ್ಲ. ಇಬ್ಬರ ಮೊಣಕೈಯಿಂದಲೂ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎಸ್ಕಿಲ್ಡ್ ಒರೆಸುವ ಬಟ್ಟೆ ತಂದವನು ನೆಲ ಒರೆಸಲು ಬಾಗದೆ, ಅವರ ಕೈ ಹೊರಬರುವವರೆಗೂ ಅದನ್ನು ಹಿಡಿದು ನಿಂತಿದ್ದ.