ಅರ್ಧ ಇಂಚು ಕಡಿಮೆಯಾದ ದರ್ಜಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪನಿಗೆ ‘ಅರ್ಧ ಇಂಚು’ ಎಂದೇ ಹೆಸರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಸೈನ್ಯಕ್ಕೆ ಸೇರಲು ಹೋಗಿದ್ದರು. ಓಟದಲ್ಲಿ ಮುಂದೆ ಬಂದರು, ಎದೆಯ ಅಳತೆಯಲ್ಲಿ ಅರ್ಧ ಇಂಚು ಕಡಿಮೆ ಬಿದ್ದರು. ಆಗಲೇ ಹೊಲಿಗೆ ಕಲಿಯುತ್ತಿದ್ದವರು ಸುಮ್ಮನಿರಬೇಕಲ್ಲ! “ಸಾರ್, ನಿಮ್ಮ ಟೇಪು ಹಳೇದು, ಜಗ್ಗಿಹೋಗಿದೆ” ಎಂದು ಅಳೆಯುವವನಿಗೇ ಪಾಠ ಹೇಳಿ, ಹೊರಗೆ ಹಾಕಿಸಿಕೊಂಡರು. ಅವರ ಚಪ್ಪಲಿ, ಬುತ್ತಿ ಹಿಡಿದುಕೊಂಡು ಜೊತೆಗೆ ಹೋಗಿದ್ದ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ನೋಡೇಬಿಡೋಣ ಎಂದು ಸಾಲಿನಲ್ಲಿ ನಿಂತು ಆಯ್ಕೆಯಾದರು.

ಇದಾಗಿ ಇಪ್ಪತ್ತೆರಡು ವರ್ಷ. ಚಿಕ್ಕಪ್ಪ ರಜೆಗೆ ಬಂದರೆ ಟೀ ಅಂಗಡಿಯವನು ಬೆಂಚು ಒರೆಸಿ ಕೂರಿಸುತ್ತಾನೆ. ಎದುರಿನ ಅಂಗಡಿಯಲ್ಲಿ ಕುಳಿತ ದೊಡ್ಡಪ್ಪನ ಹೊಟ್ಟೆ ಉರಿಯುತ್ತದೆ. “ಬಂದ ನೋಡು ದಂಡನಾಯಕ” ಎಂದು ಕತ್ತರಿಯನ್ನು ಜೋರಾಗಿ ಆಡಿಸುತ್ತಾರೆ. ರಜೆಗೊಂದು ಅಂಗಿ ಹೊಲಿದುಕೊಡುವುದನ್ನು ಬಿಟ್ಟಿಲ್ಲ. ಆದರೆ ತಮ್ಮನ ಮೈಗೆ ಟೇಪು ಹಿಡಿಯಲು ಮನಸ್ಸು ಬಾರದೆ, ಹಳೆಯ ಪುಸ್ತಕದಲ್ಲಿದ್ದ ಅಳತೆಗೇ ಹೊಲಿಯುತ್ತಿದ್ದರು.

ಈ ಸಲ ದೊಡ್ಡಪ್ಪನ ಮಗಳೂ ಸೈನ್ಯಕ್ಕೆ ಅರ್ಜಿ ಹಾಕಲು ಹೊರಟಿದ್ದಳು. ಹದಿನೆಂಟು ತುಂಬಿರದ ಕಾರಣ ತಂದೆಯ ಸಹಿ ಬೇಕಿತ್ತು, ಸೋಮವಾರ ಕೊನೆಯ ದಿನ. ಅಕ್ಕ ಆ ಕಾಗದವನ್ನು ಮೊದಲು ತೋರಿಸಿದ್ದು ಚಿಕ್ಕಪ್ಪನಿಗೆ. ದೊಡ್ಡಪ್ಪನಿಗೆ ಚುಚ್ಚಿದ್ದು ಅದೇ.

“ಅವನ ಕೈಲೇ ಹಾಕಿಸ್ಕೋ ಸಹಿ. ನಾನ್ಯಾರು? ಗುಂಡಿ ಹಚ್ಚೋನು.”

ಶನಿವಾರ ಮಧ್ಯಾಹ್ನ ಅಕ್ಕ ಹಟ ಹಿಡಿದು, ಚಿಕ್ಕಪ್ಪನನ್ನು ಹೊಸ ಅಳತೆಗೆ ಅಂಗಡಿಯಲ್ಲಿ ನಿಲ್ಲಿಸಿದಳು. ಇಬ್ಬರೂ ಒಂದೇ ಕಡೆ ಸಿಕ್ಕಾಗ ಕೇಳಿದಳು.

“ನಿಜ ಹೇಳಿ ಚಿಕ್ಕಪ್ಪ, ಸೇರ್ಲಾ, ಬೇಡ್ವಾ?”

“ಸಂಬಳ ತಪ್ಪಲ್ಲ, ಆಮೇಲೆ ಪಿಂಚಣಿ. ಪಕ್ಕದಲ್ಲಿರೋನು ನಿನಗೋಸ್ಕರ ಪ್ರಾಣ ಕೊಡ್ತಾನೆ, ಅಂಥ ಸ್ನೇಹ ಹೊರಗೆ ಸಿಗಲ್ಲ. ಆದ್ರೆ ಅಮ್ಮ ಹೋದಾಗ ನಾನು ಬಂದು ಮುಟ್ಟಿದ್ದು ನಾಲ್ಕು ದಿನ ಆದ್ಮೇಲೆ. ಮಗ ನಡೆಯೋಕೆ ಕಲಿತಿದ್ದನ್ನ ಫೋಟೋದಲ್ಲಿ ನೋಡ್ದೆ.”

ದೊಡ್ಡಪ್ಪನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಅವುಗಳ ಸಂದಿಯಿಂದಲೇ ಮಾತು ಬಂತು. “ನಿನ್ನ ಕಷ್ಟಕ್ಕೆ ಪದಕ ಆದ್ರೂ ಸಿಕ್ತು. ನನ್ನ ಬೆನ್ನು ಬಾಗಿದ್ದಕ್ಕೆ ಯಾವನು ಸೆಲ್ಯೂಟ್ ಹೊಡ್ದ? ಆವತ್ತು ಆ ಟೇಪು ನೆಟ್ಟಗಿದ್ದಿದ್ರೆ...”

“ಅಣ್ಣಾ, ನನ್ನನ್ನೂ ಅದೇ ಟೇಪಲ್ಲೇ ಅಳೆದ್ರು.”

ಇಷ್ಟು ವರ್ಷ ಚಿಕ್ಕಪ್ಪ ಈ ಮಾತನ್ನು ಆಡಿರಲಿಲ್ಲ. ದೊಡ್ಡಪ್ಪ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿಟ್ಟರು. ಆಮೇಲೆ ತಮ್ಮನ ಭುಜಕ್ಕೆ ಟೇಪು ಹಿಡಿದು ಗದರಿದರು.

“ನೆಟ್ಟಗೆ ನಿಲ್ಲೋ. ಸಿಪಾಯಿ ಅಂತೆ!”

“ನೆಟ್ಟಗೇ ನಿಂತಿದ್ದೀನಣ್ಣ.”

ಮತ್ತೊಮ್ಮೆ ಅಳೆದರು. ಬಲಭುಜ ಎಡದಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಅದು ಹೊರೆ ಹೊತ್ತು ಇಳಿದ ಭುಜ.

“ನಾನು ಹೊಲಿದ ಅಂಗಿ ಒಂದು ಕಡೆ ಎಳೀತಿತ್ತಲ್ಲ, ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ನೀನು ಇನ್ನೊಂದು ಇಪ್ಪತ್ತು ವರ್ಷ ಮುನಿಸ್ಕೋತಿದ್ದೆ.”

ದೊಡ್ಡಪ್ಪ ಮಗಳನ್ನು ಕರೆದು ಎರಡೂ ಭುಜಗಳನ್ನು ಬೇರೆಬೇರೆಯಾಗಿ ಅಳೆದರು. ಸಮವಾಗಿದ್ದವು. ಪುಸ್ತಕದಲ್ಲಿ ಬರೆದು ತಾರೀಖು ಹಾಕಿದರು.

“ರಜೆಗೆ ಬಂದಾಗಲೆಲ್ಲ ಮೊದಲು ಇಲ್ಲಿಗೆ ಬಂದು ಅಳತೆ ಕೊಡ್ಬೇಕು. ಅವನ ಮನೆಗೆ ಆಮೇಲೆ ಹೋಗು.”

ಅದೇ ಪೆನ್ನಿನಿಂದ ಕಾಗದಕ್ಕೆ ಸಹಿ ಹಾಕಿ, ಎದುರಿನ ಟೀ ಅಂಗಡಿಯತ್ತ ನೋಡಿದರು.

“ನಾಳೆಯಿಂದ ನನಗೂ ಬೆಂಚು ಒರೆಸ್ತಾನೋ ಇಲ್ವೋ, ನೋಡ್ತೀನಿ.”