ಚಪ್ಪರ ಹಿಡಿದ ಸಾಹುಕಾರರು

ಮಗಳ ಮದುವೆ ಮನೆಯಲ್ಲೇ ಎಂದು ಬೇಸಿಗೆಯಿಡೀ ಆಲೂರಿನ ಮನೆ ಮುಂದಿನ ನನ್ನ ವರ್ಕ್‌ಶಾಪನ್ನು ಗುಡಿಸಿ ಖಾಲಿ ಮಾಡಿದೆ. ಹೆತ್ತೂರು ಕಡೆಯ ಎಸ್ಟೇಟ್ ಸಾಹುಕಾರರೊಬ್ಬರು ರಿಪೇರಿಗೆ ಬಿಟ್ಟು ಮರೆತಿದ್ದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷಿನ್ನು ಮಾತ್ರ ನನ್ನಿಂದ ಅಲುಗಲಿಲ್ಲ. ಚಪ್ಪರದ ನಡುಗಂಬವನ್ನು ಅದಕ್ಕೇ ಕಟ್ಟಿದೆವು.

ಕಸ ಹೋದಮೇಲೆ ಮಿಷಿನ್ನು ರಸ್ತೆಗೆ ಕಂಡಿದೆ, ಸುದ್ದಿ ಸಾಹುಕಾರರಿಗೆ ಮುಟ್ಟಿದೆ. ಸರಿಯಾಗಿ ಧಾರೆಯ ಹೊತ್ತಿಗೆ ಸಾಹುಕಾರರು ಪಿಕಪ್ಪು, ನಾಲ್ಕಾಳು ಸಮೇತ ಬಂದಿಳಿದರು.

"ಧಾರೆ ಮುಗೀಲಿ ಕಣ್ರೀ, ಈಗ ಮಿಷಿನ್ ಎತ್ತಿದ್ರೆ ಚಪ್ಪರ ಬಿದ್ದೋಯ್ತದೆ" ಎಂದೆ.

"ತಾಲ್ಲೂಕು ಆಫೀಸ್ ಮುಂದೆ ಎಸ್ಟೇಟ್ ಆಳುಗಳ ಧರಣೀಲಿ ಮೈಕಲ್ಲಿ ನೀನೇ ಕೂಗಿದ್ಯಲ್ಲೋ ಮಾರಾಯ, ನ್ಯಾಯಕ್ಕೆ ಮುಹೂರ್ತ ಬೇಡ ಅಂತ?"

ಬೀಗರು ನಕ್ಕರು. ನನಗೆ ಉರಿದುಹೋಯಿತು. ಹಗ್ಗ ನಾನೇ ಬಿಚ್ಚಿ ಬಿಸಾಕಿದೆ. ಆಳುಗಳು ಮಿಷಿನ್ನು ಹೊತ್ತು ನಡೆದದ್ದೇ ಕಂಬ ವಾಲಿತು. ಪಕ್ಕದಲ್ಲಿದ್ದ ಸಾಹುಕಾರರು ತಲೆ ಉಳಿಸಿಕೊಳ್ಳಲು ಅದನ್ನು ತಬ್ಬಿಕೊಂಡರು.

"ಯಾರಾದ್ರೂ ಹಿಡ್ಕೊಳ್ರೋ!"

"ಎಲ್ರೂ ಧಾರೆ ಎರೀಬೇಕು ಸಾಹುಕಾರ್ರೇ, ಮುಹೂರ್ತ ಮೀರ್ತೈತೆ. ಹಂಗೇ ನಿಂತಿರಿ."

ಕೊನೆಯ ನೆಂಟ ಹಾಲೆರೆಯುವವರೆಗೂ ನಿಂತರು.

ಆಲ್ಬಮ್ ನೋಡಿದವರೆಲ್ಲ, ಕಂಬ ಹಿಡಿದವರು ಹುಡುಗಿಗೆ ಏನಾಗಬೇಕು ಎಂದು ಕೇಳುತ್ತಾರೆ. ಇಷ್ಟು ವರ್ಷದ ಹೋರಾಟದಲ್ಲಿ ಎಸ್ಟೇಟ್ ಮಾಲೀಕರೊಬ್ಬರು ನಮ್ಮ ಕಡೆ ನಿಂತ ಫೋಟೊ ಅದೊಂದೇ.